ಹತ್ತು ಕಿಲೋದ ಗಂಟು



ಯುಗಾದಿ ಸಮೀಪಿಸಿತೆಂದರೆ ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಸೀಮೆಯ ಊರುಗಳಲ್ಲಿ ಶ್ರೀಶೈಲದ ಮಾತು ಶುರುವಾಗುತ್ತದೆ. ಕಂಬಿ ಹೊತ್ತು ಕಾಲ್ನಡಿಗೆಯಲ್ಲಿ ಹೋಗುವವರು ಇಂದಿಗೂ ಇದ್ದಾರೆ. ಅವರ ಜೊತೆಗೆ ಮೋಟಾರ್ ಸೈಕಲ್ ಮೇಲೆ ಇಬ್ಬಿಬ್ಬರಾಗಿ ಹೊರಡುವವರೂ ಇದ್ದಾರೆ. ಅಕ್ಕಲಕೋಟೆಯಿಂದ ಕಲಬುರಗಿ, ರಾಯಚೂರು, ಕರ್ನೂಲು, ಆತ್ಮಕೂರು, ದೋರ್ನಾಲ ಹಾದು ಶ್ರೀಶೈಲ ಮುಟ್ಟಲು ಸುಮಾರು 500 ಕಿಲೋಮೀಟರ್ ದಾರಿ. ಇಂಥ ದೂರದ ಪ್ರಯಾಣಕ್ಕೆ ಗಂಟಿನಲ್ಲಿ ಏನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದೇ ಇಂದಿನ ಮಾತು.

ಮೊದಲು ಒಂದು ಲೆಕ್ಕ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿರುವುದು 100 ಸಿಸಿಯ ಬೈಕು. ಇಂಥ ಬೈಕು ಹೊರಬಹುದಾದ ಭಾರ ಸಾಮಾನ್ಯವಾಗಿ 130 ಕಿಲೋದ ಆಸುಪಾಸು. ತಲಾ 60 ಕಿಲೋ ತೂಗುವ ಇಬ್ಬರು ಕುಳಿತರೆ 120 ಆಯಿತು. ಉಳಿದದ್ದು ಹತ್ತೇ ಕಿಲೋ. ಆದರೆ ನಾವು ಏನು ಮಾಡುತ್ತೇವೆ? ಹಾಸಿಗೆ, ಕೊಡ, ಸ್ಟೋವು, ಜೋಳದ ಚೀಲ, ಎಲ್ಲವನ್ನೂ ಹಿಂದೆ ಕಟ್ಟುತ್ತೇವೆ. ಭಾರ ಹಿಂದೆ ಹೆಚ್ಚಾದಂತೆ ಮುಂದಿನ ಗಾಲಿ ಹಗುರಾಗುತ್ತದೆ, ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಹೆಡ್‌ಲೈಟು ಮೇಲಕ್ಕೆ ಎದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಬ್ರೇಕು ಒತ್ತಿದರೂ ಬೈಕು ಬೇಗ ನಿಲ್ಲುವುದಿಲ್ಲ. ಬಿಸಿಲಲ್ಲಿ ಕಾದ ಹಿಂದಿನ ಟೈರು ಒಡೆಯುವುದೂ ಹೀಗೆಯೇ. ಆದ್ದರಿಂದ ಹತ್ತು ಕಿಲೋ ಎಂಬ ಗೆರೆ ಹಾಕಿಕೊಂಡು ಗಂಟು ಕಟ್ಟೋಣ.

ಮೊದಲ ಎರಡು ಕಿಲೋ ಗಾಡಿಯ ಪಾಲು. ಒಂದು ಸ್ಪಾರ್ಕ್ ಪ್ಲಗ್ಗು ಮತ್ತು ಅದರ ಪಾನಾ, ಸ್ಕ್ರೂಡ್ರೈವರ್, ಇಕ್ಕಳ, ಫ್ಯೂಸು, ಚೈನಿನ ಒಂದು ಕೂಡು ಕೊಂಡಿ, ಇನ್ಸುಲೇಶನ್ ಟೇಪು, ಒಂದು ಮೊಳ ಬೈಂಡಿಂಗ್ ತಂತಿ, ಚಿಕ್ಕ ಗಾಳಿ ಪಂಪು. ಟೈರು ಟ್ಯೂಬ್‌ಲೆಸ್ ಆಗಿದ್ದರೆ ಪಂಕ್ಚರ್ ಬತ್ತಿಯ ಪೊಟ್ಟಣ ಸಾಕು. ಟ್ಯೂಬಿನ ಟೈರಾದರೆ ಅಳತೆಗೆ ಸರಿಹೊಂದುವ ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಪಟ್ಟಿ, ಗಾಲಿ ಬಿಚ್ಚುವ ಪಾನಾ ಬೇಕು. ಕ್ಲಚ್ ಕೇಬಲ್ ಮಾತ್ರ ಗಂಟಿಗೆ ಹಾಕಬೇಡಿ. ಹೊಸ ಕೇಬಲನ್ನು ಹಳೆಯದರ ಮಗ್ಗುಲಲ್ಲೇ ಎಳೆದು ಟೇಪಿನಿಂದ ಕಟ್ಟಿಡಿ. ಹಳೆಯದು ಕಡಿದಾಗ ಎರಡು ತುದಿ ಬದಲಿಸಿದರೆ ಕೆಲಸವಾಯಿತು. ಇವೆಲ್ಲ ಇದ್ದೂ ಬಳಸಲು ಬಾರದಿದ್ದರೆ ಬರೀ ಭಾರ. ಹೊರಡುವ ಮುಂಚಿನ ವಾರ ಮನೆಯಂಗಳದಲ್ಲಿ ಒಮ್ಮೆ ಗಾಲಿ ಬಿಚ್ಚಿ ಜೋಡಿಸಿ ನೋಡಿ.

ಮತ್ತೆ ಎರಡು ಕಿಲೋ ನೀರು, ಅಂದರೆ ಎರಡು ಲೀಟರ್. ಯುಗಾದಿಯ ಹೊತ್ತಿಗೆ ರಾಯಚೂರು, ಕರ್ನೂಲಿನ ಬಯಲಲ್ಲಿ ಬಿಸಿಲು ಉರಿಯುತ್ತಿರುತ್ತದೆ. ಬೈಕಿನ ಮೇಲೆ ಗಾಳಿ ಬೀಸುವುದರಿಂದ ಬೆವರು ಆರಿ ಹೋಗುತ್ತದೆ, ಮೈಯ ನೀರು ಕಡಿಮೆಯಾದದ್ದು ತಿಳಿಯುವುದೇ ಇಲ್ಲ. ತಲೆ ತಿರುಗಿದಾಗಲೇ ಗೊತ್ತಾಗುವುದು. ಗಂಟೆಗೊಮ್ಮೆ ನೆರಳು ಕಂಡಲ್ಲಿ ನಿಂತು ಕುಡಿಯಿರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಗೀರಿ ಅಳೆದು ಹಾಕಿದರೆ ವಾಂತಿಭೇದಿಯಲ್ಲೂ ಜೀವ ಹಿಡಿಯುವ ನೀರು ಸಿದ್ಧ. ಅಳತೆ ಮಾಡಿದ ಸಕ್ಕರೆ, ಉಪ್ಪಿನ ಪೊಟ್ಟಣ ಮನೆಯಲ್ಲೇ ಕಟ್ಟಿಕೊಳ್ಳಿ.

ಬಟ್ಟೆಗೆ ಇಬ್ಬರಿಗೂ ಸೇರಿ ಮೂರು ಕಿಲೋ, ರೇನ್‌ಕೋಟಿಗೆ ಒಂದೂವರೆ. ಯುಗಾದಿಗೆ ಮಳೆ ಎಲ್ಲಿಯದು ಎನ್ನಬೇಡಿ, ಅಕಾಲ ಮಳೆ, ಆಲಿಕಲ್ಲು ನಮ್ಮ ಸೀಮೆಗೆ ಹೊಸದಲ್ಲ. ಬಟ್ಟೆಯನ್ನು ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಮೇಲೆ ಬ್ಯಾಗಿಗೆ ಹಾಕಿ. ಬುತ್ತಿಗೆ ಒಂದು ಕಿಲೋ. ಕಟಕ ರೊಟ್ಟಿ, ಶೇಂಗಾ ಚಟ್ನಿಗಿಂತ ಹಗುರವಾದ, ಕೆಡದ ಊಟ ಯಾವ ಹೋಟೆಲಿನಲ್ಲಿ ಸಿಕ್ಕೀತು? ಉಳಿದ ಅರ್ಧ ಕಿಲೋ ಔಷಧಕ್ಕೆ: ಒಗೆದ ಬಿಳಿ ಬಟ್ಟೆ, ಬ್ಯಾಂಡೇಜು, ಗಾಯದ ಮುಲಾಮು, ಬ್ಯಾಟರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರ ಗುಳಿಗೆ ಎರಡು ದಿನಕ್ಕೆ ಹೆಚ್ಚೇ ಇರಲಿ. ಇಲ್ಲಿಗೆ ಹತ್ತು ಕಿಲೋ ಮುಗಿಯಿತು. ಸವಾರರು ದಪ್ಪಗಿದ್ದರೆ ಅಷ್ಟೂ ಇಲ್ಲ, ಬಟ್ಟೆಯಲ್ಲಿ ಕಡಿಮೆ ಮಾಡಬೇಕು.

ಬಾಟಲಿಯಲ್ಲಿ ಪೆಟ್ರೋಲು ಒಯ್ಯುವ ಅಭ್ಯಾಸ ಕೆಲವರಿಗಿದೆ. ಬಿಸಿಲಿಗೆ ಪ್ಲಾಸ್ಟಿಕ್ ಬಾಟಲಿ ಉಬ್ಬಿ ಸೋರಿತೆಂದರೆ ಒಂದು ಬೀಡಿಯ ಕಿಡಿ ಸಾಕು. ಟ್ಯಾಂಕು ತುಂಬಿದ್ದರೆ ಈ ಬೈಕು ನಾನೂರು ಕಿಲೋಮೀಟರಿಗೂ ಮೀರಿ ಓಡುತ್ತದೆ. ನಲ್ಲಮಲ ಕಾಡು ಹೊಗುವ ಮೊದಲು ತುಂಬಿಸಿಕೊಂಡರೆ ಆಯಿತು. ದೋರ್ನಾಲದ ಚೆಕ್‌ಪೋಸ್ಟಿನಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ದಾರಿ ಮುಚ್ಚಿರುತ್ತದೆ, ಅದು ಹುಲಿಗಳ ಕಾಡು. ಹೊತ್ತಿರುವಾಗಲೇ ಅಲ್ಲಿಗೆ ತಲುಪುವಂತೆ ಹೊರಡಿ. ಯುಗಾದಿಯ ದಿನಗಳಲ್ಲಿ ನಡೆದು ಹೋಗುವವರು ನಸುಕಿನಲ್ಲೂ ದಾರಿಯಲ್ಲಿರುತ್ತಾರೆ, ಅವರ ಬೆನ್ನ ಹಿಂದೆ ವೇಗ ಬೇಡ.

ಇನ್ನು ಕಟ್ಟುವ ಬಗೆ. ಭಾರದ ಸಾಮಾನು ಕೆಳಗೆ, ಎರಡೂ ಮಗ್ಗುಲಿಗೆ ಸಮನಾಗಿರಲಿ. ಹಗುರಾದದ್ದು ಮೇಲಿರಲಿ. ಹ್ಯಾಂಡಲಿಗೆ ಏನನ್ನೂ ತೂಗುಹಾಕಬೇಡಿ. ಹಿಂದಿನ ದೀಪ, ನಂಬರು ಪಟ್ಟಿ ಮರೆಯಾಗಬಾರದು. ಹಗ್ಗಕ್ಕಿಂತ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿ ಬಿಗಿಯಾಗಿ ಹಿಡಿಯುತ್ತದೆ. ಅದರ ತುದಿ, ಹಿಂದೆ ಕುಳಿತ ತಾಯಂದಿರ ಸೆರಗು, ಎರಡೂ ಗಾಲಿಯಿಂದ ದೂರವಿರಲಿ. ಇಬ್ಬರು ಕುಳಿತಾಗ ಹಿಂದಿನ ಟೈರಿಗೆ ಎಷ್ಟು ಗಾಳಿ ಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅಷ್ಟು ತುಂಬಿಸಿ. ಮೂವತ್ತು ಕಿಲೋಮೀಟರು ಹೋದ ಮೇಲೆ ಇಳಿದು ಕಟ್ಟು ಸಡಿಲಾಗಿದೆಯೇ ನೋಡಿ.

ಹೆಲ್ಮೆಟ್ಟು ಗಂಟಿನ ಸಾಮಾನಲ್ಲ, ತಲೆಯ ಸಾಮಾನು. ಐಎಸ್‌ಐ ಗುರುತಿನದು, ಇಬ್ಬರಿಗೂ ಇರಲಿ, ಪಟ್ಟಿ ಬಿಗಿದಿರಲಿ. ಲೈಸೆನ್ಸು, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ ಮೊಬೈಲಿನ ಡಿಜಿಲಾಕರಿನಲ್ಲಿದ್ದರೂ ನಡೆಯುತ್ತದೆ. ಆದರೆ ಕಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ, ಕಾಗದವೂ ಜೊತೆಗಿರಲಿ. ಮಹಾರಾಷ್ಟ್ರದ ನಂಬರಿನ ಬೈಕು ಕರ್ನಾಟಕ, ಆಂಧ್ರದಲ್ಲಿ ಓಡಲು ಬೇರೆ ಪರವಾನಗಿ ಬೇಕಿಲ್ಲ. ಹನ್ನೆರಡು ತಿಂಗಳಿಗಿಂತ ಹೆಚ್ಚು ಅಲ್ಲಿಯೇ ಇಟ್ಟುಕೊಂಡರೆ ಮಾತ್ರ ಹೊಸ ನಂಬರು ಮಾಡಿಸಬೇಕು.

ಕೊನೆಯದಾಗಿ, ತೂಕವೇ ಇಲ್ಲದ, ಆದರೆ ಎಲ್ಲಕ್ಕಿಂತ ಬೆಲೆಯುಳ್ಳ ಒಂದು ವಸ್ತು. ಅದೊಂದು ಚೀಟಿ. ಗಡಿಯವರಾದ ನಮಗೆ ಎರಡು ಭಾಷೆ ಬರುತ್ತದೆ, ಮೂರನೆಯದೂ ಅಷ್ಟಿಷ್ಟು ಬರುತ್ತದೆ. ಆದರೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನಿಗೆ ಯಾವ ಭಾಷೆಯೂ ಬರುವುದಿಲ್ಲ. ಬೀಗ ಹಾಕಿದ ಮೊಬೈಲು ಆಗ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಹೆಸರು, ಊರು, ರಕ್ತದ ಗುಂಪು, ಮನೆಯ ಎರಡು ನಂಬರು, ನಡೆಯುತ್ತಿರುವ ಔಷಧ, ಒಗ್ಗದ ಔಷಧ, ಇಷ್ಟನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಬರೆಸಿ. ತೆಲುಗು ಬರೆಯಬಲ್ಲವರು ನಿಮ್ಮ ತಾಲೂಕಿನಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಡಿ, ಇನ್ನೊಂದನ್ನು ಹೆಲ್ಮೆಟ್ಟಿನ ಒಳಗೆ ಅಂಟಿಸಿ. ಹಿಂದೆ ಕೂಡುವವರಿಗೂ ಬೇರೆ ಚೀಟಿ ಬೇಕು.

ಇದೇ ಮಾತಿನ ಇನ್ನೊಂದು ಮುಖವೂ ಇದೆ. ದಾರಿಯಲ್ಲಿ ಬೇರೊಬ್ಬರು ಬಿದ್ದಿದ್ದರೆ ದಾಟಿ ಹೋಗಬೇಡಿ. 112ಕ್ಕೆ ಫೋನು ಮಾಡಿ, ಅವರ ಕಿಸೆಯ ಚೀಟಿ ಹುಡುಕಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ಟನ್ನು ಜಗ್ಗಿ ತೆಗೆಯಬೇಡಿ, ಗಾಜು ಮೇಲೆತ್ತಿದರೆ ಸಾಕು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಬೀಳದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಹತ್ತು ಕಿಲೋದ ಗಂಟು, ಕಿಸೆಯಲ್ಲಿ ಒಂದು ಚೀಟಿ, ಇಷ್ಟಿದ್ದರೆ ಸಾಕು. ಹೋದವರೆಲ್ಲ ಸುಖವಾಗಿ ಮನೆಗೆ ಮರಳಿ ಬರಲಿ.