ಅಂಟಿನ ಹದ



ಕರದಂಟಿನ ಊರಾದ ಗೋಕಾಕದವರಿಗೆ ಜೆಲ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆ ಸಿಹಿಗೆ ಹಾಕುವ, ತುಪ್ಪದಲ್ಲಿ ಕರಿದರೆ ಅರಳುವ ಅಂಟು, ನೀರಿನಲ್ಲಿ ನೆನೆದರೆ ಲೋಳೆಯಾಗುತ್ತದೆ. ನೀರು ಹೆಚ್ಚಾದರೆ ಹರಿದುಹೋಗುತ್ತದೆ, ಕಡಿಮೆಯಾದರೆ ಬೆರಳು ಬಿಡುವುದಿಲ್ಲ. ಯಾರ ಒಪ್ಪಿಗೆಗೂ ಕಾಯದೆ ಹೆಣ್ಣು ತನ್ನ ಕೈಯಾರೆ ಎಚ್‌ಐವಿಯನ್ನು ತಡೆದುಕೊಳ್ಳಲೆಂದು ರೂಪಿಸಿದ ಯೋನಿ ಜೆಲ್‌ಗೂ ಇಂಥದೇ ಹದ ಬೇಕು. ಈ ಮಾತಿಗೆ ಸಭೆಯಲ್ಲಿ ಯಾರೂ ತಲೆ ತಗ್ಗಿಸುವುದು ಬೇಡ. ನಾವು ನಾಚಿದಷ್ಟೂ ನಷ್ಟ ಹೆಣ್ಣುಮಕ್ಕಳಿಗೇ.

ಇದು ದೂರದ ಕಥೆಯಲ್ಲ. ಇಂಥ ಜೆಲ್‌ಗಳಲ್ಲೊಂದಾದ ಶೇ 6ರ ಸೆಲ್ಯುಲೋಸ್ ಸಲ್ಫೇಟ್ ಜೆಲ್‌ನ ಪರೀಕ್ಷೆ ಆಫ್ರಿಕದ ಮೂರು ಕೇಂದ್ರಗಳ ಜೊತೆಗೆ ಚೆನ್ನೈಯಲ್ಲೂ ನಮ್ಮ ನೆರೆಯ ಬಾಗಲಕೋಟೆಯಲ್ಲೂ ನಡೆಯಿತು. 2007ರ ಜನವರಿಯಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಒಟ್ಟು 1,398 ಮಹಿಳೆಯರಲ್ಲಿ ಈ ಜೆಲ್ ಬಳಸಿದ 25 ಮಂದಿಗೆ, ಔಷಧವಿಲ್ಲದ ಜೆಲ್ ಬಳಸಿದ 16 ಮಂದಿಗೆ ಸೋಂಕು ತಗುಲಿತ್ತು. ಅಷ್ಟು ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದೆಂದು ಲೆಕ್ಕ ಹೇಳಿತು; ರಕ್ಷಣೆಯಂತೂ ಸಿಗಲಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ವೈರಾಣುವನ್ನು ಚೆನ್ನಾಗಿ ತಡೆದ ವಸ್ತು ಅದು.

ದೇಹ ಗಾಜಿನ ತಟ್ಟೆಯಲ್ಲ. ಅಲ್ಲಿ ಜೆಲ್ ಒತ್ತಡಕ್ಕೆ ತೆಳುವಾಗಿ ಹರಡಬೇಕು, ಒತ್ತಡ ಹೋದ ಮೇಲೆ ನಿಂತಲ್ಲೇ ನಿಲ್ಲಬೇಕು. ಯೋನಿಯ ದ್ರವ, ವೀರ್ಯ ಬೆರೆತಾಗ ಅದು ನೀರಾಗುತ್ತದೆ. ಲೇಪ ಎಲ್ಲಿ ಹರಿಯಿತೋ ಅಲ್ಲಿ ವೈರಾಣುವಿಗೆ ದಾರಿ. ಯೋನಿಯ ಪಿಎಚ್ ಸಾಮಾನ್ಯವಾಗಿ 4ರ ಆಸುಪಾಸು, ವೀರ್ಯದ್ದು 7ಕ್ಕಿಂತ ಮೇಲೆ. ಆ ಹುಳಿಯನ್ನೂ ಜೆಲ್ ಕೆಡಿಸಬಾರದು.

ಜೆಲ್‌ನಲ್ಲಿ ಕರಗಿರುವ ಕಣಗಳ ದಟ್ಟಣೆಯನ್ನು ಹೇಳುವ ಆಸ್ಮೊಲಾಲಿಟಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯ ತಳದಲ್ಲಿ ನೀರು ನಿಂತು, ಹೋಳು ಮುದುಡಿರುತ್ತದೆ. ಗ್ಲಿಸರಿನ್ ಅತಿಯಾದ ಜೆಲ್ ಒಳಪದರದ ಜೀವಕೋಶಗಳಿಂದ ಹಾಗೆಯೇ ನೀರೆಳೆಯುತ್ತದೆ. ನಮ್ಮ ರಕ್ತದ ಆಸ್ಮೊಲಾಲಿಟಿ ಸುಮಾರು 290. ಎಚ್‌ಐವಿ ಔಷಧವಾದ ಟೆನೊಫೊವಿರ್ ಬೆರೆಸಿದ ಮೊದಲ ಜೆಲ್‌ನದು 3,000 ದಾಟಿತ್ತು. ಸಂಭೋಗಕ್ಕೆ ಬಳಸುವ ಜಾರುಜೆಲ್‌ಗಳು 1,200 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಸೂಚಿಸಿತು. ಕಾವಲಿಗೆ ಕಟ್ಟಿದ ಗೋಡೆಯನ್ನೇ ಕಾವಲುಗಾರ ಕೆರೆದರೆ ಹೇಗೆ?

ಅದೇ ಶೇ 1ರ ಟೆನೊಫೊವಿರ್ ಜೆಲ್ 2010ರಲ್ಲಿ ದಕ್ಷಿಣ ಆಫ್ರಿಕದ ಕ್ಯಾಪ್ರಿಸಾ 004 ಪರೀಕ್ಷೆಯಲ್ಲಿ ಸೋಂಕನ್ನು ಶೇ 39ರಷ್ಟು ತಗ್ಗಿಸಿ ಆಸೆ ಹುಟ್ಟಿಸಿತು. 2015ರ ಫ್ಯಾಕ್ಟ್ಸ್ 001 ಪರೀಕ್ಷೆಯಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ಬಹುಪಾಲು ಮಹಿಳೆಯರಿಗೆ ಅದನ್ನು ಪ್ರತಿ ಸಲವೂ ಬಳಸಲು ಆಗಿರಲಿಲ್ಲ. ಇದಕ್ಕಾಗಿ ಅವರನ್ನು ದೂರುವವರೊಂದಿಗೆ ನನ್ನ ಜಗಳವಿದೆ. ನಮ್ಮ ಊರಿನ ಹೆಣ್ಣನ್ನೇ ನೆನೆಯಿರಿ: ಸೋರಿ ಸೀರೆಗೆ ಕಲೆಯಾಗುವ ವಸ್ತುವನ್ನು ಅತ್ತೆ, ಮಕ್ಕಳು ತುಂಬಿದ ಒಂದೇ ಕೋಣೆಯ ಮನೆಯಲ್ಲಿ ಎಲ್ಲಿ ಬಚ್ಚಿಡಬೇಕು, ಯಾವಾಗ ಹಚ್ಚಿಕೊಳ್ಳಬೇಕು? ಸೋರಿಕೆಯೂ ಭೌತಗುಣವೇ. ಅದನ್ನು ಸರಿಪಡಿಸುವ ಹೊಣೆ ತಯಾರಿಸುವವರದು.

ಹಾಗಾಗಿ, ಫಾರ್ಮಸಿ ವಿದ್ಯಾರ್ಥಿಗಳೆ, ಮಧ್ಯಾಹ್ನದ ಗೋಷ್ಠಿಗೆ ನನ್ನ ಬೇಡಿಕೆ ಇಷ್ಟೆ. ಸ್ನಿಗ್ಧತೆಯನ್ನು ಎಸಿ ಕೋಣೆಯಲ್ಲಷ್ಟೇ ಅಳೆಯಬೇಡಿ. ದೇಹದ ಬಿಸಿಯಾದ 37 ಡಿಗ್ರಿಯಲ್ಲಿ, ದ್ರವ ಬೆರೆಸಿ ಅಳೆಯಿರಿ. ಆಮೇಲೆ ಟ್ಯೂಬನ್ನು ತಗಡಿನ ಮನೆಯ ಟ್ರಂಕಿನಲ್ಲಿ, ಸೀರೆಗಳ ಅಡಿಗೆ, ಇಡೀ ಮೇ ತಿಂಗಳು ಇಟ್ಟು, ತೆಗೆದು, ಮತ್ತೊಮ್ಮೆ ಅಳೆಯಿರಿ.