ಗ್ರ್ಯಾಂಡ್ ಜ್ಯೂರಿಯಲ್ಲಿ ಕೂರಬಲ್ಲವರು ಯಾರು?



ಅಮೆರಿಕದ ಸುದ್ದಿಗಳಲ್ಲಿ ಗ್ರ್ಯಾಂಡ್ ಜ್ಯೂರಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ವಿಚಾರಣೆ ನಡೆಸಿ ತೀರ್ಪು ಕೊಡುವ ಜ್ಯೂರಿ ಅಲ್ಲ. ಸರ್ಕಾರಿ ವಕೀಲರು ತರುವ ಸಾಕ್ಷ್ಯವನ್ನು ಗುಪ್ತವಾಗಿ ಆಲಿಸಿ, ಒಬ್ಬ ವ್ಯಕ್ತಿಯ ಮೇಲೆ ಮೊಕದ್ದಮೆ ಹೂಡಲು ಸಾಕಷ್ಟು ಆಧಾರವಿದೆಯೇ ಎಂದಷ್ಟೇ ಹೇಳುವ ಸಾಮಾನ್ಯ ನಾಗರಿಕರ ತಂಡ ಇದು. ಫೆಡರಲ್ ನ್ಯಾಯಾಲಯಗಳಲ್ಲಿ ಈ ತಂಡದಲ್ಲಿ 16ರಿಂದ 23 ಮಂದಿ ಇರುತ್ತಾರೆ. ದೋಷಾರೋಪಣೆಗೆ ಕನಿಷ್ಠ 12 ಮಂದಿಯ ಒಪ್ಪಿಗೆ ಬೇಕು. ಗಂಭೀರ ಫೆಡರಲ್ ಅಪರಾಧಗಳಿಗೆ ಇದು ಬೇಕೇ ಬೇಕೆಂದು 1791ರಲ್ಲಿ ಸಂವಿಧಾನಕ್ಕೆ ಸೇರಿದ ಐದನೆಯ ತಿದ್ದುಪಡಿ ಹೇಳುತ್ತದೆ.

ಹಾಗಾದರೆ ಇಷ್ಟು ಅಧಿಕಾರವಿರುವ ಈ ತಂಡಕ್ಕೆ ಯಾರು ಅರ್ಹರು? 1968ರ ಫೆಡರಲ್ ಕಾಯಿದೆ ಕೇಳುವುದು ಬಹಳವೇನಲ್ಲ. ಅಮೆರಿಕದ ಪ್ರಜೆಯಾಗಿರಬೇಕು, 18 ವರ್ಷ ತುಂಬಿರಬೇಕು, ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಒಂದು ವರ್ಷ ವಾಸವಿರಬೇಕು. ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸ ವಿಧಿಸಬಹುದಾದ ಅಪರಾಧದ ಆರೋಪ ಬಾಕಿ ಇರಬಾರದು. ಅಂಥ ಶಿಕ್ಷೆ ಆಗಿದ್ದರೆ ನಾಗರಿಕ ಹಕ್ಕುಗಳು ಮರಳಿ ಬಂದಿರಬೇಕು. ಕೆಲಸ ನಿರ್ವಹಿಸಲಾಗದಂಥ ದೈಹಿಕ, ಮಾನಸಿಕ ದೌರ್ಬಲ್ಯ ಇರಕೂಡದು. ವಿದ್ಯಾರ್ಹತೆ, ಆಸ್ತಿ ಇವುಗಳ ಮಾತೇ ಇಲ್ಲ.

ಉಳಿದದ್ದು ಇಂಗ್ಲಿಷ್. ಮಾತನಾಡಲು ಬರಬೇಕು, ಅರ್ಹತಾ ನಮೂನೆಯನ್ನು ತೃಪ್ತಿಕರವಾಗಿ ತುಂಬುವಷ್ಟು ಓದು ಬರಹವೂ ಬೇಕು. ನೋಡಲು ಸಣ್ಣ ಷರತ್ತು. ಆದರೆ ಪೋರ್ಟೊ ರಿಕೊ ದ್ವೀಪದಲ್ಲಿ ಜನರ ಮನೆಮಾತು ಸ್ಪ್ಯಾನಿಷ್, ಅಲ್ಲಿನ ಫೆಡರಲ್ ನ್ಯಾಯಾಲಯ ನಡೆಯುವುದು ಇಂಗ್ಲಿಷಿನಲ್ಲಿ. ತಮ್ಮೂರಿನವರ ಮೇಲಿನ ಆರೋಪವನ್ನು ತೂಗುವ ಅವಕಾಶ ಅಲ್ಲಿನ ಬಹುಪಾಲು ಜನರಿಗೆ ಇಲ್ಲವಾಗುತ್ತದೆ. ಮಕ್ಕಳ ಬಳಿಗೆ ಹೋಗಿ ನೆಲೆಸಿದ ನಮ್ಮ ಹಿರಿಯರಿಗೂ ಇದು ತಟ್ಟುತ್ತದೆ. 55 ವರ್ಷ ದಾಟಿ, 15 ವರ್ಷ ಕಾಯಂ ನಿವಾಸಿಗಳಾಗಿದ್ದವರು ಇಂಗ್ಲಿಷ್ ಪರೀಕ್ಷೆಯಿಲ್ಲದೆಯೇ ಪೌರತ್ವ ಪಡೆಯಬಹುದು. ಕನ್ನಡವಷ್ಟೇ ಬಲ್ಲ ಅಜ್ಜಿ ಹೀಗೆ ಅಮೆರಿಕದ ಪ್ರಜೆಯಾಗಬಹುದು, ಮತ ಹಾಕಬಹುದು. ಜ್ಯೂರಿಯಲ್ಲಿ ಮಾತ್ರ ಕೂರಲಾರಳು.

ಇಷ್ಟಾದರೂ ಇವು ಅಳೆದು ನೋಡಬಹುದಾದ ಷರತ್ತುಗಳು. ಅಳತೆಗೆ ಸಿಗದ ಷರತ್ತು ಏನು ಮಾಡುತ್ತದೆ ಎಂಬುದಕ್ಕೆ ಟೆಕ್ಸಾಸ್ ರಾಜ್ಯದ ಹಿಡಾಲ್ಗೊ ಕೌಂಟಿಯ ಪ್ರಕರಣವನ್ನು ನೋಡಬೇಕು. ರಾಜ್ಯದ ಕಾನೂನು ಗ್ರ್ಯಾಂಡ್ ಜ್ಯೂರಿ ಸದಸ್ಯರಲ್ಲಿ 'ಒಳ್ಳೆಯ ನಡತೆ'ಯನ್ನೂ ಬಯಸಿತ್ತು. ಪಟ್ಟಿ ಮಾಡುತ್ತಿದ್ದವರು ನ್ಯಾಯಾಧೀಶರು ನೇಮಿಸಿದ ಕೆಲವೇ ಕಮಿಷನರುಗಳು. ಅವರಿಗೆ ಗೊತ್ತಿದ್ದವರೇ ಒಳ್ಳೆಯವರಾದರು! ಕೌಂಟಿಯ ಜನಸಂಖ್ಯೆಯಲ್ಲಿ ಮೆಕ್ಸಿಕನ್ ಮೂಲದವರು ಶೇಕಡಾ 79.1, ಹನ್ನೊಂದು ವರ್ಷಗಳಲ್ಲಿ ಗ್ರ್ಯಾಂಡ್ ಜ್ಯೂರಿಗೆ ಕರೆಬಂದವರಲ್ಲಿ ಅವರ ಪಾಲು ಶೇಕಡಾ 39. ಇದು ತಾರತಮ್ಯದ ಮೇಲ್ನೋಟದ ಪುರಾವೆ, ಸರ್ಕಾರ ಅದನ್ನು ಅಲ್ಲಗಳೆದಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪಿತ್ತಿತು. ಟೆಕ್ಸಾಸ್ ಈ ಪದ್ಧತಿಯನ್ನು ಕೈಬಿಟ್ಟದ್ದು 2015ರಲ್ಲಿ.

ಫೆಡರಲ್ ನ್ಯಾಯಾಲಯಗಳು ಹೆಸರುಗಳನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸುತ್ತವೆ. ಹಲವು ಕಡೆ ಚಾಲನಾ ಪರವಾನಗಿ ಪಟ್ಟಿಯನ್ನೂ ಸೇರಿಸುವುದರಿಂದ, ಗ್ರೀನ್ ಕಾರ್ಡ್ ಇರುವ ನಮ್ಮವರ ಮನೆಗೂ ನಮೂನೆ ಬರುವುದುಂಟು. ಅದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಪ್ರಜೆಯಲ್ಲ ಎಂದು ಗುರುತು ಹಾಕಿ, ಸಹಿ ಮಾಡಿ ಹಿಂದಿರುಗಿಸಬೇಕು.