ಸಿಳ್ಳೆಗೆ ಓಗೊಟ್ಟ ತಂತಿ

1986ರಲ್ಲಿ ನಮ್ಮ ಮಗ್ಗುಲ ಜಿಲ್ಲೆಯ ಕಿತ್ತೂರಿಗೆ ಸರ್ಕಾರಿ ಟೆಲಿಕಾಂ ಸಂಸ್ಥೆ ಸಿ-ಡಾಟ್‌ನ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಬಂತು. ನಮ್ಮ ಹೊನವಾಡದಂಥ ಹಳ್ಳಿಗಳಿಗೆ ಫೋನು ಹತ್ತಿರವಾಗುವ ಕಾಲ ಅದು. ಆ ಎಕ್ಸ್‌ಚೇಂಜ್ ಪೆಟ್ಟಿಗೆಯೊಳಗೆ ನಡೆಯುವುದೇನೆಂದು ಕೆದಕಿದವರು ಮಾತ್ರ ಎಲ್ಲ ಕಡೆಯೂ ವಿರಳ. ಅದಕ್ಕೂ ಬಹಳ ಮೊದಲು, ಅಂಥವರಲ್ಲೊಬ್ಬನಾದ ಅಮೆರಿಕದ, ಹುಟ್ಟಿನಿಂದ ಕಣ್ಣು ಕಾಣದ ಜೋ ಎಂಗ್ರೆಸಿಯಾ, 2600 ಹರ್ಟ್ಸ್‌ನ ಸಿಳ್ಳೆಗೆ ದೂರದ ಕರೆ ಕಡಿಯುವುದನ್ನು ಬಾಲ್ಯದಲ್ಲೇ ಕಂಡುಕೊಂಡ. ಲೈನು ಖಾಲಿಯಿದೆ ಎಂದು ಎಕ್ಸ್‌ಚೇಂಜಿಗೆ ತಿಳಿಸುವ ಸ್ವರವೇ ಅದು. ಅವನಂಥ ಹುಡುಗರು ಮುಖ ನೋಡದೆ, ಫೋನಿನಲ್ಲೇ ಆಕಸ್ಮಿಕವಾಗಿ ಗೆಳೆಯರಾದರು. ಪುಸ್ತಕದಲ್ಲಿ ಸಿಗದ ವಿದ್ಯೆ ಹಾಗೆಯೇ ಹಬ್ಬಿತು.

ಆ ಸ್ವರದ ಬಲದಿಂದ ಪುಕ್ಕಟೆ ಕರೆಯನ್ನೂ ಮಾಡಬಹುದಿತ್ತು. ಇದು ಕಳ್ಳತನವಲ್ಲವೇ? ಪುಕ್ಕಟೆ ಕರೆ ಕಳ್ಳತನವೇ. 1971ರಲ್ಲಿ ಎಂಗ್ರೆಸಿಯಾನ ಬಂಧನವೂ ಆಯಿತು. ಆದರೆ ಬರೀ ದುಡ್ಡು ಉಳಿಸುವವನಿಗೆ ಸ್ವರದ ಗುಟ್ಟು ಏಕೆ ಬೇಕು? ಬಂಧನದ ಬಳಿಕ ಅವನನ್ನು ಕೆಲಸಕ್ಕೆ ಕರೆದದ್ದು ಒಂದು ಟೆಲಿಫೋನ್ ಕಂಪನಿಯೇ! ಕಾಸಿಲ್ಲದೆ ಸುದ್ದಿ ಮುಟ್ಟಿಸುವ ಜಾಣ್ಮೆ ನಮ್ಮವರಲ್ಲೂ ಇತ್ತು, ಅದೇ ಮಿಸ್ಡ್ ಕಾಲ್: ಎರಡು ರಿಂಗು ಕೊಟ್ಟರೆ ಬಸ್ಸು ಹತ್ತಿದೆ ಎಂದರ್ಥವಿತ್ತು, ಬಿಲ್ಲು ಸೊನ್ನೆ.